ಮಗ್ಗಕ್ಕೆ ಚಪ್ಪಲಿ ಎಸೆದ ಕಥೆ ನಿಜಾನಾ? ‘ಸ್ಯಾಬೊಟಾಜ್’ ಪದದ ಹಿಂದೆ ಏನಿದೆ

ಇವತ್ತಿನ ಎಪಿಸೋಡ್ ನನ್ನದೇ ಒಂದು ತಪ್ಪಿನಿಂದ ಶುರು. ಹೋದ ಸಲ ‘ಸ್ಯಾಬೊಟಾಜ್’ ಪದದ ಕಥೆ ಹೇಳಿದ್ದೆ: ಯುರೋಪಿನ ನೇಕಾರರು ಸಿಟ್ಟಿಗೆದ್ದು, ‘ಸಬೋ’ ಅನ್ನೋ ಮರದ ಪಾದರಕ್ಷೆ ತೆಗೆದು ಮಗ್ಗಕ್ಕೆ ಎಸೆದ್ರು, ಅದರಿಂದಲೇ ಈ ಪದ ಹುಟ್ಟಿತು ಅಂತ.

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸೋ ನಮ್ಮ ಪಕ್ಕದ ಮನೆ ಅಣ್ಣ ಅದನ್ನ ಕೇಳಿ ನಕ್ಕುಬಿಟ್ರು. “ಅಲ್ಲಪ್ಪ, ಮಗ್ಗಕ್ಕೆ ಏನಾದ್ರೂ ಬಿದ್ರೆ ಎಳೆ ಎಲ್ಲ ಹರಿದುಹೋಗುತ್ತೆ. ಒಂದೊಂದೇ ಗಂಟು ಹಾಕೋನೂ ನಾನೇ, ಕೂಲಿ ಕಳ್ಕೊಳ್ಳೋನೂ ನಾನೇ. ಯಾವ ನೇಕಾರ ಹಂಗೆ ಮಾಡ್ತಾನೆ?”

ಹುಡುಕಿ ನೋಡಿದೆ. ಅಣ್ಣನ ಅನುಮಾನ ಸರಿ. ಆ ಕಥೆಗೆ ಆಧಾರವೇ ಇಲ್ಲ. ಯಂತ್ರ ಒಡೆದ ನೇಕಾರರು ಇದ್ದರು, ನಿಜ. 1811ರಿಂದ ಇಂಗ್ಲೆಂಡಿನ ಲಡೈಟ್‌ಗಳು ಸುತ್ತಿಗೆ ಹಿಡಿದೇ ಒಡೆದರು. ಆದರೆ ಈ ಪದ ಬಂದದ್ದು ಅಲ್ಲಿಂದಲ್ಲ.

ಫ್ರೆಂಚ್‌ನಲ್ಲಿ ‘ಸಬೋತೆ’ ಅಂದ್ರೆ ಮರದ ಪಾದರಕ್ಷೆ ಹಾಕ್ಕೊಂಡು ಟಕಟಕ ಸದ್ದು ಮಾಡ್ತಾ ನಡೆಯೋದು. ಆಮೇಲೆ ಅದಕ್ಕೆ ಕೆಲಸವನ್ನ ಒರಟೊರಟಾಗಿ, ಕಾಟಾಚಾರಕ್ಕೆ ಮಾಡೋದು ಅನ್ನೋ ಅರ್ಥ ಬಂತು. 1897ರಲ್ಲಿ ಟುಲೂಸ್ ನಗರದ ಕಾರ್ಮಿಕ ಸಮ್ಮೇಳನದಲ್ಲಿ ಎಮಿಲ್ ಪೂಜೆ ಮತ್ತು ಸಂಗಡಿಗರು ಇದನ್ನೇ ಹೋರಾಟದ ದಾರಿ ಮಾಡಿದರು. ಕೂಲಿ ಕಮ್ಮಿ ಕೊಟ್ರೆ ಕೆಲಸವೂ ಅಷ್ಟಕ್ಕಷ್ಟೇ. ಏನೂ ಒಡೆಯಬೇಕಿಲ್ಲ, ನಿಧಾನ ಮಾಡಿದ್ರೂ ಸಾಕು.

1910ರ ಫ್ರೆಂಚ್ ರೈಲ್ವೆ ಮುಷ್ಕರದ ಹೊತ್ತಿಗೆ ಪದ ಇಂಗ್ಲಿಷ್ ಪತ್ರಿಕೆಗಳಿಗೆ ಬಂತು. ಮಹಾಯುದ್ಧಗಳಲ್ಲಿ ಸೇತುವೆ, ರೈಲು ಹಾಳುಮಾಡೋದಕ್ಕೂ ಇದೇ ಹೆಸರಾಯ್ತು. ನಮ್ಮ ಪತ್ರಿಕೆಗಳ ‘ವಿಧ್ವಂಸಕ ಕೃತ್ಯ’ ಈ ಅರ್ಥವನ್ನ ಮಾತ್ರ ಹಿಡಿಯುತ್ತೆ, ನಿಧಾನದ ಕೆಲಸ ಅದರಲ್ಲಿ ಇಲ್ಲ.

ಯಾರು ಹೇಳ್ತಾರೆ ಅನ್ನೋದೂ ಮುಖ್ಯ. 1942ರ ಕ್ವಿಟ್ ಇಂಡಿಯಾದಲ್ಲಿ ಕರ್ನಾಟಕದಲ್ಲೂ ತಂತಿ ಕತ್ತರಿಸಿದರು, ರೈಲು ನಿಲ್ದಾಣ ಸುಟ್ಟರು. ಬ್ರಿಟಿಷರಿಗೆ ಅದು ಸ್ಯಾಬೊಟಾಜ್. ಹಾವೇರಿ ಕಡೆಯ ಮೈಲಾರ ಮಹದೇವಪ್ಪ 1943ರಲ್ಲಿ ಅದೇ ಹೋರಾಟದಲ್ಲಿ ಪ್ರಾಣ ಕೊಟ್ಟರು. ನಮಗೆ ಅವರು ಹುತಾತ್ಮರು.

ಇನ್ನೊಂದು ಮಾತು. ಬೇಕಂತಲೇ ಮಾಡಿದ್ರೆ ಮಾತ್ರ ಅದು ಸ್ಯಾಬೊಟಾಜ್. ಕರೆಂಟ್ ಹೋಗಿ ಮಗ್ಗ ನಿಂತು, ಸೀರೆ ತಡವಾದ್ರೆ ಅದು ಬರೀ ಅಡಚಣೆ. ‘ಹುಡುಗರು ಬೇಕಂತ ಮಾಡಿದ್ರು’ ಅಂತ ಕೂಲಿ ಹಿಡಿಯೋ ಮುಂಚೆ ಈ ವ್ಯತ್ಯಾಸ ನೆನಪಿರಲಿ.

ಕಥೆ ತಿದ್ದಿದ ಅಣ್ಣನಿಗೆ ಥ್ಯಾಂಕ್ಸ್.