ಹೊತ್ತಿಗೆ ಸರಿಯಾಗಿ ತಲುಪಬೇಕಾದ ಮಾತು

32, 64, 128 ಎಂದು ಇಮ್ಮಡಿಸುತ್ತ ಹೋಗುವ ಕಂಪ್ಯೂಟರ್ ಲೋಕದಲ್ಲಿ 53 ಎಂಬ ಸಂಖ್ಯೆ ಒಗ್ಗುವಂಥದ್ದಲ್ಲ. ಆದರೂ 1980ರ ದಶಕದ ಕೊನೆಗೆ ಎಟಿಎಂ ಎಂಬ ಜಾಲ ತಂತ್ರಜ್ಞಾನಕ್ಕೆ ನಿಗದಿಯಾದ ಪ್ಯಾಕೆಟ್ಟಿನ ಅಳತೆ 53 ಬೈಟ್. ಬ್ಯಾಂಕಿನ ಹಣದ ಯಂತ್ರಕ್ಕೂ ಈ ಎಟಿಎಂಗೂ ಸಂಬಂಧವಿಲ್ಲ. 5 ಬೈಟ್ ವಿಳಾಸ ಮುಂತಾದವುಗಳಿಗೆ, ಉಳಿದ 48 ಮಾಹಿತಿಗೆ. ಅಮೆರಿಕದವರು 64 ಇರಲಿ ಎಂದಿದ್ದರು, ಯುರೋಪಿನವರು 32 ಸಾಕು ಎಂದು ಪಟ್ಟು ಹಿಡಿದಿದ್ದರು. ಕೊನೆಗೆ ನಡುವಿನ 48ಕ್ಕೆ ರಾಜಿಯಾಯಿತು.

ಯುರೋಪಿನವರ ಹಟಕ್ಕೆ ಕಾರಣ ಮನುಷ್ಯನ ಕಿವಿ. ಟೆಲಿಫೋನಿನ ಮಾತು ಡಿಜಿಟಲ್ ರೂಪಕ್ಕೆ ಬಂದಾಗ ಸೆಕೆಂಡಿಗೆ 8000 ಬೈಟ್ ಆಗುತ್ತದೆ. ಅದರಿಂದ 64 ಬೈಟ್ ತುಂಬಲು 8 ಮಿಲಿಸೆಕೆಂಡ್ ಬೇಕು, 32ಕ್ಕಾದರೆ 4. ತುಂಬುವವರೆಗೆ ಪ್ಯಾಕೆಟ್ ಹೊರಡುವಂತಿಲ್ಲ. ತಡವಾದಷ್ಟೂ ಮಾತನಾಡಿದವರಿಗೇ ತಮ್ಮ ದನಿಯ ಪ್ರತಿಧ್ವನಿ ಕೇಳತೊಡಗುತ್ತದೆ, ಅದನ್ನು ಅಳಿಸಲು ಬೇರೆ ಉಪಕರಣ ಹಾಕಬೇಕಾಗುತ್ತದೆ. ದೂರದೂರದ ಕರೆಗಳಿದ್ದ ಅಮೆರಿಕದಲ್ಲಿ ಆ ಉಪಕರಣ ಹೇಗೂ ಇತ್ತು. ಫ್ರಾನ್ಸಿನಂಥ ಚಿಕ್ಕ ದೇಶಕ್ಕೆ ಆ ಖರ್ಚು ಬೇಡವಾಗಿತ್ತು.

ಮಾತನ್ನೂ ಚಲಿಸುವ ಚಿತ್ರವನ್ನೂ ಸಾಗಿಸುವ ಜಾಲ ವೇಗವಾಗಿದ್ದರೆ ಸಾಕೆಂದು ಯಾರಿಗಾದರೂ ಅನ್ನಿಸುತ್ತದೆ. ಇಂಥ ಜಾಲಗಳ ಸಂಶೋಧನೆಯ ಜೀವಾಳ ಅದಲ್ಲ. ಸರಾಸರಿ ಎಷ್ಟು ಬೇಗ ಎನ್ನುವುದಕ್ಕಿಂತ, ತಡವಾದರೆ ಹೆಚ್ಚೆಂದರೆ ಎಷ್ಟು ಎನ್ನುವ ಪ್ರಶ್ನೆ ಇಲ್ಲಿ ದೊಡ್ಡದು.

1973ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್‌ನೆಟ್ ಕಟ್ಟತೊಡಗಿದಾಗ ಆ ಪ್ರಶ್ನೆ ಅವರ ಮುಂದಿರಲಿಲ್ಲ. ಒಂದೇ ಕೇಬಲ್ಲಿಗೆ ಎಲ್ಲ ಕಂಪ್ಯೂಟರುಗಳು. ಕೇಬಲ್ ಖಾಲಿ ಇದ್ದರೆ ಕಳಿಸುವುದು, ಇಬ್ಬರದು ಡಿಕ್ಕಿಯಾದರೆ ಯಾದೃಚ್ಛಿಕವಾಗಿ ಆರಿಸಿದಷ್ಟು ಹೊತ್ತು ಕಾದು ಮತ್ತೆ ಕಳಿಸುವುದು. ಮುಂದೆ ಪ್ರಮಾಣಿತವಾದ ಈಥರ್‌ನೆಟ್‌ನಲ್ಲಿ 16 ಸಲ ಸೋತರೆ ಆ ಪ್ಯಾಕೆಟ್ಟನ್ನೇ ಕೈಬಿಡುವ ನಿಯಮವಿತ್ತು. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಆ ಜಾಲದಲ್ಲಿ 1500 ಬೈಟಿನ ದೊಡ್ಡ ಪ್ಯಾಕೆಟ್ ಒಂದಕ್ಕೇ 1.2 ಮಿಲಿಸೆಕೆಂಡ್ ಬೇಕು. ಚಾರ್ಮಾಡಿ ಘಾಟಿಯಲ್ಲಿ ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡ ಸ್ಕೂಟರಿನಂತೆ ಪುಟ್ಟ ಧ್ವನಿ ಪ್ಯಾಕೆಟ್ ಕಾಯಬೇಕಿತ್ತು. ಕಡತ ಕಳಿಸುವವರಿಗೆ ಇದರಿಂದ ಏನೂ ನಷ್ಟವಿಲ್ಲ, ಮಾತನಾಡುವವರಿಗೆ ಇದೆ.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೇರೆ ದಾರಿ ಹಿಡಿಯಿತು. ಮಾರಿಸ್ ವಿಲ್ಕ್ಸ್ ಮುಂದಾಳತ್ವದ, ಆಂಡಿ ಹಾಪರ್ ದುಡಿದ ‘ಕೇಂಬ್ರಿಜ್ ರಿಂಗ್’ನಲ್ಲಿ ಪುಟ್ಟ, ಒಂದೇ ಅಳತೆಯ ಖಾನೆಗಳು ಬಳೆಯಾಕಾರದ ತಂತಿಯಲ್ಲಿ ಸುತ್ತುತ್ತಿದ್ದವು. ಖಾಲಿ ಖಾನೆ ಬಂದರೆ ತುಂಬಬಹುದು. ಸುತ್ತಿ ಮರಳಿದ ಮೇಲೆ ಅದನ್ನು ಖಾಲಿ ಮಾಡಿ ಮುಂದಿನವರಿಗೆ ಬಿಡಲೇಬೇಕು. ಯಾರೂ ಜಾಲವನ್ನು ಕಬಳಿಸುವಂತಿಲ್ಲ, ಯಾರೂ ಅನಿರ್ದಿಷ್ಟವಾಗಿ ಕಾಯಬೇಕಿಲ್ಲ. ಇಷ್ಟು ಸರಳ ನಿಯಮದಿಂದ ಇಷ್ಟು ನ್ಯಾಯ ದೊರಕಿಸಿದ ವಿನ್ಯಾಸಗಳು ಅಪರೂಪ.

1991ರಲ್ಲಿ ಅದೇ ಪ್ರಯೋಗಾಲಯದ ಟ್ರೋಜನ್ ರೂಮಿನ ಕಾಫಿ ಪಾತ್ರೆಯತ್ತ ಕ್ವೆಂಟಿನ್ ಸ್ಟಾಫರ್ಡ್ ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಒಂದು ಕ್ಯಾಮೆರಾ ತಿರುಗಿಸಿಟ್ಟರು. ಕಾಫಿ ಉಳಿದಿದೆಯೇ ಎಂದು ಮೇಜಿನಿಂದಲೇ ನೋಡಬಹುದಾದ ಆ ಚಿತ್ರ ನಿಮಿಷಕ್ಕೆ ಸುಮಾರು ಮೂರು ಸಲ ಬದಲಾಗುತ್ತಿತ್ತು. ಅದು ಜಗತ್ಪ್ರಸಿದ್ಧವಾಯಿತು. ನಿಜವಾಗಿ ಕಷ್ಟದ ಕೆಲಸ ನಡೆದದ್ದು ಒಲಿವೆಟ್ಟಿ ಸಂಶೋಧನಾಲಯದ ಜೊತೆಗೂಡಿ ಕೈಗೊಂಡ ಪಂಡೋರಾ ಯೋಜನೆಯಲ್ಲಿ. ಪ್ರತಿ ಕಂಪ್ಯೂಟರಿನ ಪಕ್ಕದಲ್ಲಿ ಕ್ಯಾಮೆರಾ, ಮೈಕು, ಸ್ಪೀಕರು ಜೋಡಿಸಿದ ಪೆಟ್ಟಿಗೆಯೊಂದು ಧ್ವನಿ ಮತ್ತು ಚಿತ್ರವನ್ನು ನೇರವಾಗಿ ಜಾಲಕ್ಕೆ ಹರಿಸುತ್ತಿತ್ತು. ಹೊರೆ ಮಿತಿಮೀರಿದರೆ ಏನು ಬಿಡಬೇಕು? ಚಿತ್ರ ಕೆಟ್ಟರೂ ಧ್ವನಿ ಕೆಡಬಾರದು ಎಂಬುದು ಅವರ ಕಟ್ಟಳೆ. ಕಣ್ಣು ಒಂದೆರಡು ಚಿತ್ರ ತಪ್ಪಿದರೆ ಸಹಿಸುತ್ತದೆ, ಕಿವಿ ಸಹಿಸುವುದಿಲ್ಲ. ಇಂದಿನ ವಿಡಿಯೊ ಸಭೆಯಲ್ಲಿ ಮುಖ ಸ್ತಬ್ಧವಾದರೂ ಮಾತು ಮುಂದುವರಿಯುವುದರ ಹಿಂದೆ ಇದೇ ವಿವೇಕವಿದೆ.

ಆದರೂ ಮನೆ, ಕಚೇರಿಗಳನ್ನು ಗೆದ್ದದ್ದು ಈಥರ್‌ನೆಟ್. ಕೇಂಬ್ರಿಜ್ ರಿಂಗ್‌ನಂತೆ ಪುಟ್ಟ, ಒಂದೇ ಅಳತೆಯ ಪ್ಯಾಕೆಟ್ಟುಗಳನ್ನು ನೆಚ್ಚಿದ ಎಟಿಎಂ ದುಬಾರಿ, ಜಟಿಲ. ಇತ್ತ ವಿನೋದ್ ಭಾರದ್ವಾಜ್ ಸಹಸ್ಥಾಪಕರಾಗಿದ್ದ ಸಿಲಿಕಾನ್ ವ್ಯಾಲಿಯ ಕಲ್ಪನಾ ಕಂಪನಿ 1990ರಲ್ಲಿ ಏಳು ಪೋರ್ಟುಗಳ ಈಥರ್‌ನೆಟ್ ಸ್ವಿಚ್ ತಂದಿತು. ಒಂದೇ ಕೇಬಲ್ಲಿಗೆ ಎಲ್ಲರೂ ಮುಗಿಬೀಳುವುದು ತಪ್ಪಿ, ಜೋಡಿ ಜೋಡಿಯಾಗಿ ಏಕಕಾಲಕ್ಕೆ ಸಂವಹನ ಸಾಧ್ಯವಾಯಿತು. 1995ರಲ್ಲಿ 100 ಮೆಗಾಬಿಟ್, 1998ರಲ್ಲಿ ಗಿಗಾಬಿಟ್ ವೇಗದ ಮಾನದಂಡಗಳು ಬಂದವು. ಗಿಗಾಬಿಟ್ ವೇಗದಲ್ಲಿ ಆ ದೊಡ್ಡ ಪ್ಯಾಕೆಟ್ಟು 12 ಮೈಕ್ರೊಸೆಕೆಂಡಿನಲ್ಲಿ ದಾಟಿಹೋಗುತ್ತದೆ.

ವೇಗ ಗೆದ್ದಿತು, ಸಮಯದ ಖಾತರಿ ಬೇಡವಾಯಿತು ಎಂದು ಹಲವರು ತೀರ್ಮಾನಿಸಿದ್ದುಂಟು. ಅದು ಅವಸರದ ತೀರ್ಪು. ಗೆದ್ದ ಈಥರ್‌ನೆಟ್ಟೇ ಸೋತವರ ಚಿಂತನೆಯನ್ನು ಒಂದೊಂದಾಗಿ ಒಳಗೆ ಕರೆದುಕೊಂಡಿತು. ಮೊದಲು ಎಂಟು ದರ್ಜೆಯ ಆದ್ಯತೆ ಬಂತು. ಆಮೇಲೆ ಧ್ವನಿ, ದೃಶ್ಯಗಳಿಗೆಂದೇ ರೂಪಿಸಿದ ಮಾನದಂಡಗಳು, ಪ್ಯಾಕೆಟ್ ಒಂದು ಸಾಧನದಿಂದ ಮುಂದಿನದಕ್ಕೆ ಏಳು ಜಿಗಿತ ದಾಟಿದರೂ ವಿಳಂಬ 2 ಮಿಲಿಸೆಕೆಂಡ್ ಮೀರದಿರುವ ಗುರಿ ಇಟ್ಟುಕೊಂಡವು. ಆ ಸಾಲಿನ ಇಂದಿನ ರೂಪವಾದ ಕಾಲಸಂವೇದಿ ಜಾಲಗಳು ಕಾರುಗಳಿಗೂ ಕಾರ್ಖಾನೆಗಳಿಗೂ ಕಾಲಿಟ್ಟಿವೆ.

ವೈಫೈನಲ್ಲಿ ಮಾತ್ರ ಹಳೆಯ ತೊಡಕು ಉಳಿದಿದೆ. ಗಾಳಿಯಲ್ಲಿರುವುದು ಎಲ್ಲರೂ ಹಂಚಿಕೊಳ್ಳುವ ಒಂದೇ ದಾರಿ. ಅಲ್ಲಿ ಸ್ವಿಚ್ ಇಡಲಾಗದು. ಧ್ವನಿ, ದೃಶ್ಯ, ಸಾಮಾನ್ಯ, ಹಿನ್ನೆಲೆ ಎಂದು ನಾಲ್ಕು ಸರದಿಗಳಿವೆ, ಧ್ವನಿಗೆ ಗೆಲ್ಲುವ ಅವಕಾಶ ಹೆಚ್ಚು. ಆದರೆ ಪಕ್ಕದ ಮನೆಯವರ ರೂಟರ್ ಅದೇ ಚಾನೆಲ್ಲಿನಲ್ಲಿದ್ದರೆ ಖಾತರಿಯಿಲ್ಲ. ತಡವಾಗಬಾರದ ಸಂವಹನಕ್ಕೆ ನಿರ್ದಿಷ್ಟ ವೇಳೆಯನ್ನೇ ಕಾಯ್ದಿರಿಸುವ ಏರ್ಪಾಟು ವೈಫೈ 7ರ ಮಾನದಂಡದಲ್ಲಿ ಸೇರಿದೆ. ಅದನ್ನು ಬಳಸಬೇಕಾದರೆ ರೂಟರ್ ಮತ್ತು ಫೋನ್ ಎರಡರಲ್ಲೂ ಆ ಸೌಲಭ್ಯ ಇರಬೇಕು.