ರಾಗಿಯ ತೆನೆಗೆ ತೆನೆ ಕಟ್ಟಿದವರು

ಸತ್ತೇಗಾಲದಿಂದ ಕೊಳ್ಳೇಗಾಲ, ಹನೂರಿನ ಕಡೆಗೆ ಹೋದರೆ, ಕಾವೇರಿಯ ನೀರು ಹತ್ತದ ಹೊಲಗಳಿಗೆ ರಾಗಿಯೇ ಆಸರೆ. ಈ ಬೆಳೆಯ ಇಂದಿನ ಇಳುವರಿಯ ಹಿಂದೆ ನದಿಯ ಎರಡೂ ಕಡೆಯ ತಳಿವಿಜ್ಞಾನಿಗಳ ದುಡಿಮೆಯಿದೆ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಚೆ ದಡದಲ್ಲಿ ಮೈಸೂರು ಸೀಮೆ.

ರಾಗಿಯ ಹೂ ಕಣ್ಣಿಗೆ ಬೀಳದಷ್ಟು ಸಣ್ಣದು. ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ. ಹಾಗಾಗಿ ಎರಡು ತಳಿಗಳನ್ನು ಕೂಡಿಸುವುದು ಬಹಳ ಕಷ್ಟ. ಕೊಯಮತ್ತೂರಿನಲ್ಲಿ ಕಿರುಧಾನ್ಯ ತಜ್ಞರಾಗಿದ್ದ ರಂಗಸ್ವಾಮಿ ಅಯ್ಯಂಗಾರ್ 1930ರ ದಶಕದಲ್ಲಿ ಒಂದು ಉಪಾಯ ತೋರಿದರು: ಹೂಬಿಡುವ ಮುನ್ನ ಎರಡು ತೆನೆಗಳನ್ನು ಒತ್ತಾಗಿ ಕಟ್ಟುವುದು. ತಾಯಿ ಗಿಡ ಹಸಿರು, ತಂದೆ ಗಿಡ ನೇರಳೆ ಛಾಯೆಯದ್ದಾಗಿರಬೇಕು. ತಾಯಿಯ ಕಾಳು ಬಿತ್ತಿದಾಗ ನೇರಳೆ ತೋರುವ ಸಸಿಗಳೇ ಮಿಶ್ರತಳಿ. ಸಾವಿರಾರು ಸಸಿಗಳ ನಡುವೆ ಅಂಥವನ್ನು ಹುಡುಕಿ ತೆಗೆಯಬೇಕು.

ಈ ವಿಧಾನವನ್ನು ಹಿಡಿದು ವರ್ಷಗಟ್ಟಲೆ ದುಡಿದವರು ನಾಡು ‘ರಾಗಿ ಲಕ್ಷ್ಮಣಯ್ಯ’ ಎಂದು ಕರೆದ ಸಿ.ಎಚ್. ಲಕ್ಷ್ಮಣಯ್ಯ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ಅವರ ಮೊದಲ ಕೊಡುಗೆಗಳು. ಆಮೇಲೆ ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಆಫ್ರಿಕಾದ ದಪ್ಪ ತೆನೆ, ನಮ್ಮ ನೆಲದ ಒಗ್ಗಿಕೆ ಒಂದಾಗಿ ಇಳುವರಿ ಏರಿತು.

ಆದರೆ ಇಳುವರಿಯೊಂದೇ ಸಾಲದು. ಬೆಂಕಿ ರೋಗದ ಶಿಲೀಂಧ್ರ ಸಸಿಯ ಎಲೆಯನ್ನು ಸುಡುತ್ತದೆ; ತೆನೆಯ ಕುತ್ತಿಗೆಗೋ ಇಲುಕಿಗೋ (ತೆನೆಯ ಬೆರಳಿಗೋ) ತಗುಲಿದರೆ ಕಾಳು ಜೊಳ್ಳಾಗುತ್ತದೆ. ಮಳೆಯಾಶ್ರಿತ ರೈತ ಔಷಧಿಗೆ ಎಷ್ಟೆಂದು ಖರ್ಚು ಮಾಡಿಯಾನು? ರೋಗ ತಡೆಯುವ ಗುಣ ಬೀಜದಲ್ಲೇ ಇರಬೇಕು. 1990ರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಂದ ಜಿಪಿಯು–28 ಈ ಕೊರತೆ ನೀಗಿತು. ಇಂಡಾಫ್ ತಳಿಗಳ ವಂಶದಲ್ಲೇ ಹುಟ್ಟಿದ ಅದು ಬೆಂಕಿ ರೋಗವನ್ನು ಚೆನ್ನಾಗಿ ತಡೆದುಕೊಂಡು ರೈತರ ಮೆಚ್ಚಿನ ತಳಿಯಾಯಿತು.

ತಳಿವಿಜ್ಞಾನಿಯನ್ನು ಕಾಡಿದ ಸ್ವಪರಾಗಸ್ಪರ್ಶವೇ ರೈತನಿಗೆ ವರ. ತಳಿಯ ಗುಣ ಸುಲಭವಾಗಿ ಕೆಡುವುದಿಲ್ಲ. ಪ್ರತಿವರ್ಷ ಬೀಜ ಕೊಳ್ಳಬೇಕಿಲ್ಲ. ಕೊಯ್ಲಿಗೆ ಮುನ್ನ ರೋಗವಿಲ್ಲದ, ತುಂಬಿದ ತೆನೆಗಳನ್ನು ಆರಿಸಿ, ಬೇರೆಯಾಗಿ ಬಡಿದು, ಒಣಗಿಸಿ ಇಟ್ಟುಕೊಂಡರೆ ಮುಂದಿನ ಬಿತ್ತನೆಗೆ ಒಳ್ಳೆಯ ಬೀಜ ಮನೆಯಲ್ಲೇ ಸಿದ್ಧ.