ಆಫ್ರಿಕದ ಪ್ರವಾಸಕ್ಕೆ ಯಾವ ತಿಂಗಳು?

ಆಫ್ರಿಕವನ್ನು ನೋಡಲು ಯಾವ ತಿಂಗಳು ಒಳ್ಳೆಯದೆಂದು ಕೇಳುವವರುಂಟು. ಪ್ರಶ್ನೆ ಸರಳವಾಗಿ ತೋರಿದರೂ ಅದಕ್ಕೆ ಒಂದೇ ಉತ್ತರವಿಲ್ಲ. ಈ ಖಂಡದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರು. ಭಾರತದಂತಹ ಒಂಬತ್ತು ದೇಶಗಳು ಇದರಲ್ಲಿ ಅಡಗಬಲ್ಲವು. ಭೂಮಧ್ಯರೇಖೆಯು ಇದರ ನಡುವೆ ಹಾಯ್ದುಹೋಗುವುದರಿಂದ, ಉತ್ತರದ ತುದಿಯಲ್ಲಿ ಬೇಸಗೆಯಿರುವಾಗ ದಕ್ಷಿಣದ ತುದಿಯಲ್ಲಿ ಚಳಿಗಾಲ.

ಆದರೂ ಈ ವೈವಿಧ್ಯದ ಹಿಂದೆ ಒಂದು ಕ್ರಮವುಂಟು. ಭೂಮಧ್ಯರೇಖೆಯ ಎರಡು ಕಡೆಗಳಿಂದಲೂ ಬೀಸಿಬರುವ ವಾಣಿಜ್ಯ ಮಾರುತಗಳು ಸಂಧಿಸುವೆಡೆಯಲ್ಲಿ ತೇವದಿಂದ ಕೂಡಿದ ಬಿಸಿಗಾಳಿ ಮೇಲೇರುತ್ತದೆ, ತಣಿಯುತ್ತದೆ, ಮಳೆಯಾಗಿ ಸುರಿಯುತ್ತದೆ. ಈ ಮಳೆಯ ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಸೂರ್ಯನ ಉತ್ತರಾಯಣ ದಕ್ಷಿಣಾಯನಗಳನ್ನು ಕೆಲವು ವಾರಗಳಷ್ಟು ತಡವಾಗಿ ಅದು ಅನುಸರಿಸುತ್ತದೆ. ಆಗಸ್ಟ್ ತಿಂಗಳಲ್ಲಿ ಸಹರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಮಾಲಿ, ನೈಜರ್ ನಾಡುಗಳಿಗೆ ಮಳೆ. ಜನವರಿಯಲ್ಲಿ ಜಾಂಬಿಯ, ಜಿಂಬಾಬ್ವೆಗಳಿಗೆ. ನಡುವಣ ಕೆನ್ಯವನ್ನು ಪಟ್ಟಿಯು ಎರಡು ಸಲ ದಾಟುವುದರಿಂದ ಅಲ್ಲಿ ಮಾರ್ಚ್–ಮೇ ತಿಂಗಳುಗಳಲ್ಲೊಮ್ಮೆ, ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲೊಮ್ಮೆ ಮಳೆಗಾಲ. ಖಂಡದ ಎರಡು ತುದಿಗಳು ಮಾತ್ರ ಈ ನಿಯಮಕ್ಕೆ ಹೊರಗು. ಆಲ್ಜಿಯರ್ಸ್ ಮತ್ತು ಕೇಪ್‌ಟೌನ್ ನಗರಗಳಿಗೆ ಮಳೆ ತರುವುದು ಅವುಗಳ ಚಳಿಗಾಲವೇ.

ಹಾಗಾದರೆ ಮಳೆಯಿಲ್ಲದ ಕಡೆಗೆ ಹೊರಟರೆ ಸಾಕೆ? ಬಹುಮಟ್ಟಿಗೆ ಹೌದು. ಒಣಗಾಲದಲ್ಲಿ ಹುಲ್ಲು ಕುಗ್ಗಿ, ಪ್ರಾಣಿಗಳು ಉಳಿದ ನೀರಿನ ಬಳಿ ನೆರೆಯುವುದರಿಂದ ಅವನ್ನು ಕಾಣುವುದು ಸುಲಭ. ಆದರೆ ನೀರು ಬಿದ್ದಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ನಾವು ಮರೆಯಬಾರದು. ಅಂಗೋಲದ ಎತ್ತರದ ನಾಡಿನಲ್ಲಿ ಸುರಿದ ಮಳೆ ಒಕವಾಂಗೊ ನದಿಯಲ್ಲಿ ಮೆಲ್ಲಮೆಲ್ಲನೆ ಹರಿದು, ಕೆಲವು ತಿಂಗಳ ಮೇಲೆ ಬೋಟ್ಸ್ವಾನದ ಜೌಗು ನಾಡನ್ನು ತಲುಪುತ್ತದೆ. ಅಲ್ಲಿ ಆಗ ಒಣಗಾಲ. ಆಕಾಶದಲ್ಲಿ ಮೋಡವಿಲ್ಲ, ನೆಲದ ಮೇಲೆ ಪ್ರವಾಹ! ವಿಕ್ಟೋರಿಯ ಜಲಪಾತವೂ ಮಳೆ ಮುಗಿಯುತ್ತ ಬರುವ ಏಪ್ರಿಲ್ ಸುಮಾರಿಗೆ ತುಂಬಿ ಧುಮುಕುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಅದರ ಜಾಂಬಿಯದ ಭಾಗದಲ್ಲಿ ಬರಿಯ ಬಂಡೆ ಕಾಣುತ್ತದೆ. ಜಲಪಾತಕ್ಕೂ ವನ್ಯಮೃಗಗಳಿಗೂ ಒಂದೇ ತಿಂಗಳು ಒಪ್ಪುವುದು ಕಷ್ಟ. ಯಾವುದು ಮುಖ್ಯವೆಂಬುದನ್ನು ಮೊದಲೇ ನಿಶ್ಚಯಿಸಬೇಕು.

ಈ ತಿಳಿವು ಕೇವಲ ಅನುಕೂಲಕ್ಕಾಗಿ ಅಲ್ಲ. 2019ರ ಮಾರ್ಚ್ ತಿಂಗಳಲ್ಲಿ ಇಡಾಯಿ ಎಂಬ ಚಂಡಮಾರುತವು ಮೊಜಾಂಬಿಕ್ ದೇಶದ ಬೈರ ನಗರದ ಬಳಿ ಅಪ್ಪಳಿಸಿ ನೂರಾರು ಜನರನ್ನು ಬಲಿತೆಗೆದುಕೊಂಡಿತು. ಮಳೆಗಾಲ ಸೊಳ್ಳೆಗಳಿಗೂ ಸುಗ್ಗಿ. ಅವುಗಳಿಂದ ಮಲೇರಿಯ ಹರಡುತ್ತದೆ. ಸೊಳ್ಳೆಗಳೇ ಹರಡುವ ಪೀತಜ್ವರವಿರುವ ನಾಡುಗಳಿಗೆ ಹೋಗುವವರು ಕನಿಷ್ಠ ಹತ್ತು ದಿನ ಮುಂಚಿತವಾಗಿ ಲಸಿಕೆ ಹಾಕಿಸಿಕೊಳ್ಳಬೇಕು. ಅದರ ಪ್ರಮಾಣಪತ್ರವಿಲ್ಲದೆ ಹಿಂದಿರುಗಿದವರನ್ನು ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಆದುದರಿಂದ ಆಫ್ರಿಕಕ್ಕೆ ಹೊರಡುವವರು ಮೊದಲು ಭೂಪಟವನ್ನು ಮುಂದಿಟ್ಟುಕೊಂಡು, ತಾವು ಹೋಗುವ ತಿಂಗಳಲ್ಲಿ ಮಳೆಯ ಪಟ್ಟಿ ಎಲ್ಲಿರುವುದೆಂದು ಗುರುತಿಸಲಿ. ಅನಂತರ ಅಲ್ಲಿಯ ನದಿಗಳು ಎಲ್ಲಿಂದ ಹರಿದುಬರುವುವೆಂದು ನೋಡಲಿ. ಇವೆರಡು ತಿಳಿದರೆ ಉಳಿದ ಏರ್ಪಾಟು ಬಹಳ ಹಗುರವಾಗುತ್ತದೆ.